ತೆರವಾದ ಒಂದು ಸ್ಥಾನ

ಸಾರ್ವತ್ರಿಕ ಚುನಾವಣೆ ದೇಶಕ್ಕೆಲ್ಲ ಬರುವ ದೊಡ್ಡ ಜಾತ್ರೆಯಾದರೆ, ಉಪಚುನಾವಣೆ ಒಂದೇ ಊರಿನ ತೇರು. ಹೊರಗಿನವರಿಗೆ ಅದು ಪತ್ರಿಕೆಯ ಒಳಪುಟದ ಸುದ್ದಿ. ಆದರೆ ನಮ್ಮ ಲೋಕಸಭೆಯ ಇತಿಹಾಸವನ್ನು ನೋಡಿದರೆ, ಇಂಥ ಚಿಕ್ಕ ತೇರು ಎಳೆದಾಗ ದಿಲ್ಲಿಯ ನೆಲ ನಡುಗಿದ ಪ್ರಸಂಗಗಳು ಕಡಿಮೆಯೇನಲ್ಲ.

ಲೋಕಸಭೆಯ ಸದಸ್ಯರೊಬ್ಬರು ತೀರಿಕೊಂಡರೆ, ರಾಜೀನಾಮೆಯಿತ್ತರೆ, ಎರಡು ಕಡೆ ಗೆದ್ದು ಒಂದನ್ನು ಬಿಟ್ಟುಕೊಟ್ಟರೆ, ಅನರ್ಹರೆನಿಸಿದರೆ, ಇಲ್ಲವೆ ನ್ಯಾಯಾಲಯವು ಅವರ ಆಯ್ಕೆಯನ್ನು ರದ್ದುಗೊಳಿಸಿದರೆ ಆ ಸ್ಥಾನ ತೆರವಾಗುತ್ತದೆ. ಅದನ್ನು ತುಂಬಲು ನಡೆಯುವುದೇ ಉಪಚುನಾವಣೆ. ಈ ಪದ್ಧತಿ ನಮಗೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ಹದಿನೆಂಟನೆಯ ಶತಮಾನದ ಆರಂಭದಿಂದ 1926ರವರೆಗೆ ಒಂದು ವಿಚಿತ್ರ ನಿಯಮವಿತ್ತು. ಪಾರ್ಲಿಮೆಂಟಿನ ಸದಸ್ಯರು ಮಂತ್ರಿಪದವಿಯನ್ನು ಸ್ವೀಕರಿಸಿದರೆ ಸಾಮಾನ್ಯವಾಗಿ ತಮ್ಮ ಸ್ಥಾನವನ್ನು ಬಿಟ್ಟು, ಮತ್ತೆ ಮತದಾರರ ಮುಂದೆ ನಿಲ್ಲಬೇಕಾಗಿತ್ತು. 1908ರಲ್ಲಿ ಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್ಲರು ಹೀಗೆ ಮ್ಯಾಂಚೆಸ್ಟರಿನಲ್ಲಿ ಸೋತು, ಕೆಲವೇ ವಾರಗಳಲ್ಲಿ ಡಂಡಿಯಿಂದ ಗೆದ್ದು ಬರಬೇಕಾಯಿತು. ದೊರೆ ಕೊಟ್ಟ ಪದವಿಗೂ ಪ್ರಜೆಗಳ ಒಪ್ಪಿಗೆ ಬೇಕೆಂಬ ಭಾವನೆ ಆ ನಿಯಮದ ಹಿಂದೆ ಇತ್ತು.

ಭಾರತದಲ್ಲಿ ಉಪಚುನಾವಣೆಯ ಶಕ್ತಿ ಮೊದಲು ಚೆನ್ನಾಗಿ ತಿಳಿದುಬಂದದ್ದು 1963ರಲ್ಲಿ. ಚೀನದೊಡನೆ ನಡೆದ ಯುದ್ಧದ ಗಾಯ ಆಗಿನ್ನೂ ಹಸಿಯಾಗಿತ್ತು. ಆ ವರ್ಷದ ಉಪಚುನಾವಣೆಗಳಲ್ಲಿ ಅಮ್ರೋಹದಿಂದ ಆಚಾರ್ಯ ಕೃಪಲಾನಿ, ಫರೂಕಾಬಾದಿನಿಂದ ಡಾಕ್ಟರ್ ರಾಮಮನೋಹರ ಲೋಹಿಯಾ, ರಾಜಕೋಟೆಯಿಂದ ಮೀನೂ ಮಸಾನಿ ಆರಿಸಿ ಬಂದರು. ಕೃಪಲಾನಿಯವರ ಎದುರು ಸೋತವರು ಕೇಂದ್ರದ ಮಂತ್ರಿಯೇ ಆಗಿದ್ದ ಹಾಫಿಜ್ ಮಹಮ್ಮದ್ ಇಬ್ರಾಹಿಮರು. ಅದೇ ಆಗಸ್ಟಿನಲ್ಲಿ ಕೃಪಲಾನಿಯವರು ನೆಹರೂ ಸರಕಾರದ ಮೇಲೆ ಅವಿಶ್ವಾಸ ನಿರ್ಣಯವನ್ನು ತಂದರು. ಲೋಕಸಭೆಯಲ್ಲಿ ಚರ್ಚೆಗೆ ಬಂದ ಮೊಟ್ಟಮೊದಲ ಅವಿಶ್ವಾಸ ನಿರ್ಣಯವದು. ಬಡವನೊಬ್ಬನ ದಿನದ ಬಾಳು ಮೂರಾಣೆಯಲ್ಲಿ ಸಾಗುತ್ತಿದೆ ಎಂದು ಲೋಹಿಯಾರವರು ಹೂಡಿದ ವಾದ ಆ ದಿನಗಳಲ್ಲಿ ದೇಶದ ತುಂಬ ಮಾತಾಯಿತು. ನಿರ್ಣಯವೇನೋ 62ಕ್ಕೆ ಎದುರಾಗಿ 347 ಮತಗಳಿಂದ ಬಿದ್ದುಹೋಯಿತು, ಸರಕಾರ ಅಲುಗಲಿಲ್ಲ. ಆದರೆ ಸಭೆಯಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆಗಳು ಕೇಳಿಬಂದವು. ಮೂರು ಸ್ಥಾನಗಳು ಸರಕಾರವನ್ನು ಬದಲಿಸಲಾರವು. ಸಭೆಯ ಮಾತನ್ನು ಬದಲಿಸಬಲ್ಲವು.

ಕನ್ನಡಿಗರು ಮರೆಯಲಾಗದ ಉಪಚುನಾವಣೆಯೆಂದರೆ 1978ರ ಚಿಕ್ಕಮಗಳೂರಿನದು. ಹಿಂದಿನ ವರ್ಷ ಶ್ರೀಮತಿ ಇಂದಿರಾ ಗಾಂಧಿಯವರು ರಾಯಬರೇಲಿಯಲ್ಲಿ ಸೋತಿದ್ದರು. ಉತ್ತರದಲ್ಲಿ ಕೊಚ್ಚಿಹೋದ ಕಾಂಗ್ರೆಸ್ಸು ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಗೆದ್ದಿತ್ತು. ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. ಎದುರಾಳಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಕಾಫಿ ತೋಟಗಳ ನಡುವಣ ಹಳ್ಳಿಗಳಿಗೆ ದೇಶವಿದೇಶಗಳ ಪತ್ರಕರ್ತರು ಬಂದಿಳಿದರು. ನವೆಂಬರಿನಲ್ಲಿ ಇಂದಿರಾ ಅವರು 77 ಸಾವಿರಕ್ಕೂ ಮಿಕ್ಕಿದ ಮತಗಳ ಅಂತರದಿಂದ ಗೆದ್ದರು. ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಅವರನ್ನು ಉಚ್ಚಾಟಿಸಿ ಸೆರೆಮನೆಗೆ ಕಳುಹಿಸಿತು. ಚಿಕ್ಕಮಗಳೂರಿನ ಸ್ಥಾನ ಮತ್ತೆ ಖಾಲಿ! 1980ರ ಜನವರಿಯಲ್ಲಿ ಅವರು ಪುನಃ ಪ್ರಧಾನಿಯಾದರು. ಆ ಉಚ್ಚಾಟನೆಯ ನಿರ್ಣಯವನ್ನು 1981ರಲ್ಲಿ ಮುಂದಿನ ಲೋಕಸಭೆ ರದ್ದುಗೊಳಿಸಿತು.

ಹತ್ತು ವರ್ಷಗಳ ತರುವಾಯ ಅಲಹಾಬಾದಿನಲ್ಲಿ ಇಂಥದೇ ಕಥೆ. ಚಿತ್ರನಟ ಅಮಿತಾಭ್ ಬಚ್ಚನ್ನರ ರಾಜೀನಾಮೆಯಿಂದ ತೆರವಾದ ಸ್ಥಾನಕ್ಕೆ 1988ರಲ್ಲಿ ವಿಶ್ವನಾಥ ಪ್ರತಾಪ ಸಿಂಗರು ಪಕ್ಷೇತರರಾಗಿ ನಿಂತು, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಮಗ ಸುನೀಲ ಶಾಸ್ತ್ರಿಯವರನ್ನು ಸೋಲಿಸಿದರು. ಮರುವರ್ಷ ಡಿಸೆಂಬರಿನಲ್ಲಿ ಅವರೇ ಪ್ರಧಾನಿ.

ಬ್ಯಾಂಕಿನ ಕೆಲಸದವನಾದ ನನಗೆ ಇದು ಹೀಗೆ ತೋರುತ್ತದೆ: ಐದು ವರ್ಷಕ್ಕೊಮ್ಮೆ ಬರುವುದು ವಾರ್ಷಿಕ ಲೆಕ್ಕತಪಾಸಣೆಯಂತೆ, ಎಲ್ಲರೂ ಅದಕ್ಕೆ ಸಿದ್ಧರಾಗಿಯೇ ಇರುತ್ತಾರೆ. ಉಪಚುನಾವಣೆ ಹೇಳದೆ ಕೇಳದೆ ಬರುವ ಇನ್‌ಸ್ಪೆಕ್ಷನ್. ನಿಜವಾದ ಲೆಕ್ಕ ತಿಳಿಯುವುದು ಆಗಲೇ.

ಹಾಗಿರುವಾಗ ಈ ತಪಾಸಣೆ ನಡೆಯದೆ ಹೋದರೆ? ಮೊದಲು ಇದಕ್ಕೆ ಕಾಲದ ಕಟ್ಟು ಇರಲಿಲ್ಲ. 1996ರಲ್ಲಿ ಪ್ರಜಾಪ್ರತಿನಿಧಿ ಕಾಯಿದೆಗೆ 151ಎ ಎಂಬ ಕಲಮನ್ನು ಸೇರಿಸಿ, ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕೆಂದು ವಿಧಿಸಲಾಯಿತು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ, ಅಥವಾ ಆ ಕಾಲದೊಳಗೆ ನಡೆಸುವುದು ಕಷ್ಟವೆಂದು ಚುನಾವಣಾ ಆಯೋಗವು ಕೇಂದ್ರ ಸರಕಾರದೊಡನೆ ಸಮಾಲೋಚಿಸಿ ಪ್ರಮಾಣೀಕರಿಸಿದರೆ ವಿನಾಯಿತಿಯುಂಟು.

ಎರಡು ಊರುಗಳ ಉದಾಹರಣೆ ನೋಡೋಣ. ನಮ್ಮಲ್ಲಿ ಹಲವರಿಗೆ ತವರಾದ ಬೆಳಗಾವಿಯಲ್ಲಿ 2020ರ ಸೆಪ್ಟೆಂಬರಿನಲ್ಲಿ ಸುರೇಶ ಅಂಗಡಿಯವರು ಕೋವಿಡಿಗೆ ತುತ್ತಾದರು. ಸಾಂಕ್ರಾಮಿಕದ ನಡುವೆಯೇ, ಏಳು ತಿಂಗಳು ತುಂಬುವ ಮೊದಲು, 2021ರ ಏಪ್ರಿಲಿನಲ್ಲಿ ಅಲ್ಲಿ ಮತದಾನವಾಯಿತು. ಅವರ ಪತ್ನಿ ಮಂಗಳಾ ಅಂಗಡಿಯವರು ಸುಮಾರು ಐದು ಸಾವಿರ ಮತಗಳ ಅಂತರದಿಂದ ಗೆದ್ದರು. ಇನ್ನು ನಾವಿರುವ ಪುಣೆ. ಇಲ್ಲಿಯ ಸದಸ್ಯ ಗಿರೀಶ ಬಾಪಟರು 2023ರ ಮಾರ್ಚಿನಲ್ಲಿ ತೀರಿಕೊಂಡರು. ಲೋಕಸಭೆಯ ಅವಧಿ ಆಗ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿತ್ತು. ಆದರೂ ಉಪಚುನಾವಣೆ ಬರಲಿಲ್ಲ. ಸಾರ್ವತ್ರಿಕ ಚುನಾವಣೆಯ ಸಿದ್ಧತೆಯಲ್ಲಿದ್ದೇವೆ ಎಂಬ ಆಯೋಗದ ಕಾರಣವನ್ನು ಒಪ್ಪದೆ, ಮುಂಬಯಿ ಉಚ್ಚ ನ್ಯಾಯಾಲಯವು ಡಿಸೆಂಬರಿನಲ್ಲಿ ಕೂಡಲೇ ಚುನಾವಣೆ ನಡೆಸಿರೆಂದು ಆಜ್ಞಾಪಿಸಿತು. 2024ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. 2024ರ ಜೂನಿನವರೆಗೆ, ಹದಿನಾಲ್ಕು ತಿಂಗಳು, ಪುಣೆಯ ಪರವಾಗಿ ಲೋಕಸಭೆಯಲ್ಲಿ ಮಾತನಾಡುವವರೇ ಇರಲಿಲ್ಲ.

ಆ ಹದಿನಾಲ್ಕು ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಈ ಮಾತು ಎಷ್ಟು ಸಲ ಬಂದೀತು? ಬಹಳ ಸಲ ಬರಲಿಲ್ಲವೆಂದೇ ನನ್ನ ಭಾವನೆ. ವರ್ಷಗಟ್ಟಲೆ ಇಲ್ಲಿದ್ದು, ಇಲ್ಲಿಯ ನೀರು ಕುಡಿದು, ಮಕ್ಕಳನ್ನು ಇಲ್ಲಿಯೇ ಓದಿಸುತ್ತಿದ್ದರೂ ನಮ್ಮಲ್ಲಿ ಅನೇಕರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲಿಯೇ ಇದೆ. ಮತದಾನಕ್ಕೆ ಅಲ್ಲಿಗೆ ಹೋಗಲು ರಜೆ ಸಿಗದು; ಇಲ್ಲಿ ಮತ ಹಾಕಲು ಹೆಸರಿಲ್ಲ. ಎರಡು ಕಡೆ ಹೆಸರಿಡಲು ಕಾನೂನು ಬಿಡದು. ಹೀಗೆ ಸಭೆಯಲ್ಲಿ ಸ್ಥಾನ ತೆರವಾಗದಿದ್ದರೂ ನಮ್ಮ ಪಾಲಿನ ಸ್ಥಾನ ತೆರವಾಗಿಯೇ ಉಳಿಯುತ್ತದೆ.

ರಾಜ್ಯೋತ್ಸವದ ದಿನ ತಾಯ್ನುಡಿಯನ್ನು ನೆನೆಯುವುದು ನಮ್ಮ ಧರ್ಮ. ಇರುವ ನೆಲದಲ್ಲಿ ಪ್ರಜೆಯಾಗಿ ಬಾಳುವುದೂ ಧರ್ಮವೇ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಊರಿನಲ್ಲಿ ಮತ ಹಾಕಲಾಗದವರು ಈ ವರ್ಷ ಇಲ್ಲಿಯ ಪಟ್ಟಿಗೆ ಹೆಸರು ಬದಲಿಸಿಕೊಳ್ಳಲಿ. ಮುಂದೊಮ್ಮೆ ಸ್ಥಾನ ತೆರವಾದಾಗ, ಅದನ್ನು ತುಂಬಿರೆಂದು ಕೇಳುವ ದನಿಗಳಲ್ಲಿ ನಮ್ಮದೂ ಒಂದು ಇರಲಿ.