ಕಿಂಗ್ ಕ್ರಿಮ್ಸನ್: ಬದಲಾಗುತ್ತಲೇ ಬಂದ ತಂಡ

1969ರ ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ರೋಲಿಂಗ್ ಸ್ಟೋನ್ಸ್‌ಗಿಂತ ಮೊದಲು ವೇದಿಕೆ ಏರಿದಾಗ ಕಿಂಗ್ ಕ್ರಿಮ್ಸನ್ ಎಂಬ ರಾಕ್ ತಂಡದ ಒಂದು ಆಲ್ಬಮ್ಮೂ ಬಂದಿರಲಿಲ್ಲ. ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಹೊರಬಂದದ್ದು ಅಕ್ಟೋಬರ್‌ನಲ್ಲಿ. ಅದರಲ್ಲಿ ತುಂಬಿ ಬರುವ ಪಿಟೀಲುಗಳಂಥ ನಾದ ಮೆಲೊಟ್ರಾನ್ ಎಂಬ ಕೀಬೋರ್ಡ್ ವಾದ್ಯದ್ದು. ಕೀ ಒತ್ತಿದರೆ ಒಳಗೊಂದು ಟೇಪ್ ಪಟ್ಟಿ ಓಡುತ್ತದೆ. ಸುಮಾರು 8 ಸೆಕೆಂಡಿಗೆ ಸ್ವರ ಮುಗಿಯುತ್ತದೆ.

ವರ್ಷ ತುಂಬುವ ಮೊದಲೇ ಇಯಾನ್ ಮೆಕ್‌ಡೊನಾಲ್ಡ್, ಮೈಕೆಲ್ ಗೈಲ್ಸ್ ತಂಡ ಬಿಟ್ಟರು. ಗಾಯಕ ಗ್ರೆಗ್ ಲೇಕ್ 1970ರಲ್ಲಿ ಹೊರಟರು. ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಹೊಸಬರನ್ನು ಕೂಡಿಸುತ್ತಲೇ ಹೋದರು. ‘ಯೆಸ್’ ತಂಡದಿಂದ ಬಂದ ಡ್ರಮ್ಮರ್ ಬಿಲ್ ಬ್ರೂಫರ್ಡ್, ಗಾಯಕ ಜಾನ್ ವೆಟನ್ ಜೊತೆ ಫ್ರಿಪ್ 1974ರಲ್ಲಿ ‘ರೆಡ್’ ಮುಗಿಸಿ, ಅದು ಬಿಡುಗಡೆಯಾಗುವ ಮೊದಲೇ ತಂಡವನ್ನು ವಿಸರ್ಜಿಸಿದರು. ತಂಡದ ಅತ್ಯಂತ ಗಟ್ಟಿ ಆಲ್ಬಮ್ ಅದೇ. ಫ್ರಿಪ್ ಮತ್ತೆ ಕಟ್ಟಿದ ತಂಡದ 1981ರ ಆಲ್ಬಮ್ ‘ಡಿಸಿಪ್ಲಿನ್’ಗೆ ಅಮೆರಿಕದ ಏಡ್ರಿಯನ್ ಬೆಲ್ಯೂ, ಟೋನಿ ಲೆವಿನ್ ಸೇರಿದರು. ಎಲ್ಲ ಆಲ್ಬಮ್‌ಗಳಲ್ಲೂ ಇರುವವರು ಫ್ರಿಪ್ ಒಬ್ಬರೇ.