ಚಪ್ಪಟೆ ಸ್ಲ್ಯಾಬ್‌ನ ದುಂದು, ಕಮಾನಿನ ಲೆಕ್ಕ

ಮನೆ ಕಟ್ಟಿಸುವವರಿಗೆ ಮೋಲ್ಡ್ ಹಾಕುವ ದಿನ ಹಬ್ಬ. ಆದರೆ ಆ ದಿನ ಸುರಿಯುವ ಕಾಂಕ್ರೀಟಿನಲ್ಲಿ ದೊಡ್ಡ ಪಾಲು ಯಾವ ಭಾರವನ್ನೂ ಹೊರುವುದಿಲ್ಲ ಅನ್ನೋದನ್ನ ಯಾರೂ ಹೇಳೋದಿಲ್ಲ.

ಚಪ್ಪಟೆ ಸ್ಲ್ಯಾಬು ಭಾರಕ್ಕೆ ಬಾಗುತ್ತದೆ. ಬಾಗಿದಾಗ ನಡುಭಾಗದಲ್ಲಿ ಮೇಲಿನ ಪದರ ಒತ್ತಿಕೊಳ್ಳುತ್ತದೆ, ಕೆಳಗಿನದು ಹಿಗ್ಗುತ್ತದೆ. ಕಾಂಕ್ರೀಟು ಒತ್ತಡಕ್ಕೆ ಗಟ್ಟಿಗ, ಎಳೆತಕ್ಕೆ ಬಡವ. ಹಾಗಾಗಿ ಕೆಳಗಿನ ಕಾಂಕ್ರೀಟಿನ ಬಲವನ್ನು ಲೆಕ್ಕಕ್ಕೇ ಹಿಡಿಯಬೇಡಿ ಅಂತ ಎಂಜಿನಿಯರಿಂಗ್ ತರಗತಿಯಲ್ಲೇ ನಮಗೆ ಕಲಿಸಿದ್ದರು. ಅದು ಅಲ್ಲಿರುವುದು ಕಂಬಿಯನ್ನು ಹಿಡಿದಿಡೋಕೆ, ತುಕ್ಕು ಹಿಡಿಯದಂತೆ ಕಾಯೋಕೆ. ಆರು ಇಂಚಿನ ಸ್ಲ್ಯಾಬು ಚದರ ಮೀಟರಿಗೆ ಸುಮಾರು 375 ಕೆಜಿ ತೂಗುತ್ತದೆ. ಮನೆಯೊಳಗೆ ಜನ, ಪೀಠೋಪಕರಣಕ್ಕೆಂದು ನಾವು ಹಿಡಿಯುವ ಭಾರ 200 ಕೆಜಿ. ಅಂದರೆ ಸ್ಲ್ಯಾಬು ನಮ್ಮನ್ನು ಹೊರುವುದಕ್ಕಿಂತ ಹೆಚ್ಚಾಗಿ ತನ್ನನ್ನೇ ಹೊತ್ತುಕೊಂಡಿರುತ್ತದೆ!

ಕಮಾನು ಈ ಆಟವನ್ನೇ ಬದಲಿಸುತ್ತದೆ. ಎರಡು ತುದಿ ಹಿಡಿದು ಇಳಿಬಿಟ್ಟ ಸರಪಳಿಯಲ್ಲಿ ಇರುವುದು ಬರೀ ಎಳೆತ. ಅದನ್ನೇ ತಲೆಕೆಳಗು ಮಾಡಿದರೆ ಬರೀ ಒತ್ತಡ. ಇದನ್ನು 1675ರಲ್ಲೇ ರಾಬರ್ಟ್ ಹುಕ್ ಹೇಳಿದ್ದ. 4 ಮೀಟರ್ ಅಗಲದ ಕೋಣೆ, 40 ಸೆಂ.ಮೀ. ಎತ್ತರದ ಕಮಾನು, ಒಟ್ಟು ಭಾರ ಚದರ ಮೀಟರಿಗೆ 500 ಕೆಜಿ ಅಂತಿಟ್ಟುಕೊಳ್ಳಿ. ಪ್ರತಿ ಮೀಟರ್ ಉದ್ದಕ್ಕೆ ಕಮಾನು ಪಕ್ಕಕ್ಕೆ ತಳ್ಳುವ ಬಲ ಎರಡೂವರೆ ಟನ್. ಕಮಾನು ಬರೀ 3 ಸೆಂ.ಮೀ. ದಪ್ಪವಿದ್ದರೂ ಕಾಂಕ್ರೀಟಿನ ಮೇಲೆ ಬೀಳುವ ಒತ್ತಡ ಚದರ ಸೆಂ.ಮೀ.ಗೆ 9 ಕೆಜಿ ಅಷ್ಟೇ. ಮಾಮೂಲಿ ಎಂ20 ಕಾಂಕ್ರೀಟು 200 ಕೆಜಿ ತಡೆಯುತ್ತೆ.

ತೊಡಕು ಬೇರೆ ಕಡೆ ಇದೆ. ಆ ಎರಡೂವರೆ ಟನ್ ತಳ್ಳುವಿಕೆಯನ್ನು ಯಾರಾದರೂ ತಡೀಬೇಕಲ್ಲ? ನಡುವಿನ ಕೋಣೆಗಳಲ್ಲಿ ಪಕ್ಕಪಕ್ಕದ ಕಮಾನುಗಳು ಬಹುಮಟ್ಟಿಗೆ ಪರಸ್ಪರ ತಡೆದುಕೊಳ್ಳುತ್ತವೆ, ಕೊನೆಯ ಕೋಣೆಗೆ ಉಕ್ಕಿನ ಸರಳು ಬೇಕು. ಇನ್ನು, ಊಟದ ಮನೆಯಲ್ಲಿ ನೆಂಟರೆಲ್ಲ ಒಂದೇ ಕಡೆ ಕೂತರೆ ತೆಳು ಕಮಾನು ಆಕಾರ ಕೆಡಿಸಿಕೊಳ್ಳಲು ನೋಡುತ್ತದೆ. ಅದಕ್ಕೆ ಬೆನ್ನ ಮೇಲೆ ತೆಳ್ಳನೆಯ ಪಕ್ಕೆಗಳನ್ನು ಕೊಡಬೇಕು.

ಜ್ಯೂರಿಕ್‌ನ ಇಟಿಎಚ್‌ನಲ್ಲಿ ಫಿಲಿಪ್ ಬ್ಲಾಕ್ ತಂಡ ಮಾಡಿದ್ದು ಇದನ್ನೇ. 2021ರಲ್ಲಿ ಡ್ಯೂಬೆಂಡಾರ್ಫ್‌ನಲ್ಲಿ ತೆರೆದ ಹೈಲೋ ಕಟ್ಟಡದ ಅಂತಸ್ತುಗಳಲ್ಲಿ ಸುಮಾರು 70% ಕಾಂಕ್ರೀಟು ಉಳಿದಿದೆ. ಮರುವರ್ಷ ಬಾತ್, ಕೇಂಬ್ರಿಡ್ಜ್, ಡಂಡೀ ವಿಶ್ವವಿದ್ಯಾಲಯಗಳ ಆಕಾರ್ನ್ ಯೋಜನೆ ಕೇಂಬ್ರಿಡ್ಜ್‌ನಲ್ಲಿ ಅಂಥದ್ದೇ ನೆಲ ನಿಲ್ಲಿಸಿತು. ಅಲ್ಲಿ ಉಳಿತಾಯ 75%.

ಬೆಂಗಳೂರಿಗೆ ಇದೇನೂ ಪೂರ್ತಿ ಹೊಸದಲ್ಲ. ಹಳೇ ಕಟ್ಟಡಗಳಲ್ಲಿ ತಲೆ ಎತ್ತಿ ನೋಡಿ, ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಜ್ಯಾಕ್ ಆರ್ಚ್ ಸಿಗುತ್ತೆ. ಆದರೆ ಅದನ್ನು ಉಳಿತಾಯದ ಮಾದರಿ ಅಂತ ಹೊಗಳೋದು ಅತಿಯಾಯ್ತು. ಮೇಲೆ ತುಂಬುವ ಸುಣ್ಣದ ಗಾರೆಯ ತೂಕ ಕಮ್ಮಿಯೇನಲ್ಲ.

ಹಾಗಾದರೆ ನಮ್ಮಲ್ಲಿ ಯಾಕೆ ಬರ್ತಿಲ್ಲ? ಉತ್ತರ ಸೆಂಟ್ರಿಂಗ್‌ನಲ್ಲಿದೆ. ಚಪ್ಪಟೆ ಪ್ಲೈವುಡ್ ಹಲಗೆ ಹತ್ತಾರು ಮನೆ ಸುತ್ತುತ್ತದೆ. ಬಾಗಿದ ಅಚ್ಚಿಗೆ ಮೇಸ್ತ್ರಿ ಬೇರೆ ರೇಟು ಹೇಳುತ್ತಾನೆ, ಸಿಮೆಂಟಿನಲ್ಲಿ ಉಳಿದದ್ದು ಕೂಲಿಯಲ್ಲಿ ಹೋಗುತ್ತೆ. ಸ್ಲ್ಯಾಬಿನೊಳಗೇ ಹೂಳುವ ವೈರಿಂಗ್ ಪೈಪಿಗೆ 3 ಸೆಂ.ಮೀ.ನಲ್ಲಿ ಜಾಗ ಎಲ್ಲಿ? ಒಂಟಿ ಮನೆಗೆ ಇದು ಸದ್ಯಕ್ಕೆ ಗಿಟ್ಟೋದಿಲ್ಲ. ಒಂದೇ ಅಚ್ಚನ್ನು ನೂರಾರು ಸಲ ಬಳಸಬಹುದಾದ ಅಪಾರ್ಟ್‌ಮೆಂಟು, ಹಾಸ್ಟೆಲ್, ಸರ್ಕಾರಿ ವಸತಿಗೃಹಗಳ ಮಾತೇ ಬೇರೆ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಶೇ. 7-8ರಷ್ಟು ಸಿಮೆಂಟಿನದ್ದು. ಸಿಮೆಂಟ್ ತಯಾರಿಯಲ್ಲಿ ಚೀನಾ ಬಿಟ್ಟರೆ ನಾವೇ. ಇಂಥ ದೊಡ್ಡ ಟೆಂಡರುಗಳಲ್ಲೂ ಚಪ್ಪಟೆ ಸ್ಲ್ಯಾಬನ್ನೇ ಕೇಳೋದು ಬರೀ ಅಭ್ಯಾಸಬಲ.

ಈ ವರ್ಷವೇ ಮನೆ ಕಟ್ಟಿಸುವವರಿಗೆ ಲಾರಿ ಬೇಕರ್ ಜನಪ್ರಿಯಗೊಳಿಸಿದ ಫಿಲ್ಲರ್ ಸ್ಲ್ಯಾಬ್ ಇದೆ. ಕೆಲಸ ಮಾಡದ ಕೆಳಪದರದಲ್ಲಿ ಕಾಂಕ್ರೀಟಿನ ಬದಲು ಮಂಗಳೂರು ಹೆಂಚು ಇಡೋದು. ಉಳಿತಾಯ ಕಮಾನಿನಷ್ಟಿಲ್ಲ, ಆದರೆ ಸೆಂಟ್ರಿಂಗ್ ಅದೇ ಚಪ್ಪಟೆ ಹಲಗೆ. ಕಂಬಿ ಕಟ್ಟುವ ಮೊದಲೇ ನಿಮ್ಮ ಎಂಜಿನಿಯರ್ ಹತ್ತಿರ ಡ್ರಾಯಿಂಗ್ ಮಾಡಿಸಿಟ್ಟುಕೊಳ್ಳಿ. ಮೋಲ್ಡ್ ದಿನ ಹೇಳಿದರೆ ಮೇಸ್ತ್ರಿ ಒಪ್ಪೋದಿಲ್ಲ.