ಅಲ್ಪವಿರಾಮಕ್ಕಾಗಿಯೂ ಎದ್ದು ನಿಂತ ಸದಸ್ಯ: ನಝೀರುದ್ದೀನ್ ಅಹ್ಮದ್

ಭಾರತದ ಸಂವಿಧಾನ ರಚನಾ ಸಭೆಯ ನಡಾವಳಿಗಳನ್ನು ಓದುತ್ತ ಹೋದಂತೆ ಒಂದು ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಅದು ಪಶ್ಚಿಮ ಬಂಗಾಳದ ಸದಸ್ಯ ನಝೀರುದ್ದೀನ್ ಅಹ್ಮದ್‌ರದು. ಮೌಲಾನಾ ಆಝಾದ್‌ರನ್ನು ನಮ್ಮ ಮಕ್ಕಳು ಪಠ್ಯಪುಸ್ತಕಗಳ ಮೂಲಕವಾದರೂ ಬಲ್ಲರು. ವೃತ್ತಿಯಲ್ಲಿ ವಕೀಲರಾಗಿದ್ದ ಈ ಸದಸ್ಯರನ್ನು ನಾವು ಬಹುತೇಕ ಮರೆತಿದ್ದೇವೆ. ಆದರೆ ಕರಡು ಸಂವಿಧಾನವನ್ನು ಅವರಷ್ಟು ಸೂಕ್ಷ್ಮವಾಗಿ ಓದಿದವರು ಆ ಸಭೆಯಲ್ಲಿ ವಿರಳ.

ಆ ಕಾಲದ ಏರ್ಪಾಡನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅದೇ ಸದಸ್ಯರು ಡಾ. ರಾಜೇಂದ್ರ ಪ್ರಸಾದ್‌ರ ಅಧ್ಯಕ್ಷತೆಯಲ್ಲಿ ಸೇರಿದಾಗ ಅದು ಸಂವಿಧಾನ ರಚನಾ ಸಭೆ, ಜಿ. ವಿ. ಮಾವಳಂಕರ್‌ರು ಸ್ಪೀಕರ್ ಆಗಿ ಕುಳಿತಾಗ ಅದೇ ದೇಶದ ಶಾಸನಸಭೆ. ನಝೀರುದ್ದೀನ್ ಎರಡೂ ಕಡೆ ಕ್ರಿಯಾಶೀಲರಾಗಿದ್ದರು.

ಕರಡಿನಲ್ಲಿ 315 ವಿಧಿಗಳೂ 8 ಅನುಸೂಚಿಗಳೂ ಇದ್ದವು. ಸದಸ್ಯರು ಸಲ್ಲಿಸಿದ ತಿದ್ದುಪಡಿಗಳ ಸಂಖ್ಯೆ ಸುಮಾರು 7,635. ಅವುಗಳಲ್ಲಿ ಸಭೆಯ ಮುಂದೆ ನಿಜವಾಗಿ ಮಂಡನೆಯಾದವು 2,473. ನಝೀರುದ್ದೀನ್‌ರು ಸಲ್ಲಿಸಿದವುಗಳಲ್ಲಿ ಅನೇಕವು ಒಂದು ಪದಕ್ಕೆ, ಒಂದು ಅಲ್ಪವಿರಾಮಕ್ಕೆ ಸಂಬಂಧಿಸಿದವು. ಆದುದರಿಂದ ಪೀಠದಿಂದ ಪದೇ ಪದೇ ಬರುತ್ತಿದ್ದ ಪ್ರಶ್ನೆ ಒಂದೇ: ಈ ತಿದ್ದುಪಡಿ ಅರ್ಥವನ್ನು ಬದಲಿಸುತ್ತದೆಯೇ, ಅಥವಾ ಬರೇ ಶಾಬ್ದಿಕವೇ? ಶಾಬ್ದಿಕವೆಂದು ಕಂಡರೆ ಮಂಡಿಸಲು ಅನುಮತಿ ಇಲ್ಲ. ಅದನ್ನು ಕರಡು ಸಮಿತಿಯ ವಿವೇಚನೆಗೆ ಬಿಡಲಾಗುತ್ತಿತ್ತು. ಸಹಸದಸ್ಯರಿಗೆ ಕೆಲವೊಮ್ಮೆ ಬೇಸರವಾದುದರಲ್ಲಿ ಆಶ್ಚರ್ಯವಿಲ್ಲ. ಕಾನೂನಿನ ಮಟ್ಟಿಗೆ ನಾನು ನಝೀರುದ್ದೀನ್‌ರ ಪಕ್ಷವೇ. ನ್ಯಾಯಾಲಯದಲ್ಲಿ ಒಬ್ಬನ ಹಕ್ಕು ಉಳಿಯುವುದೂ ಅಳಿಯುವುದೂ ಎಷ್ಟೋ ಬಾರಿ ಒಂದು ಪದದ ಮೇಲೆಯೇ ಎಂಬುದನ್ನು ವಕೀಲರಾದ ಅವರು ಅರಿತಿದ್ದರು.

ಅವರ ನಿಜವಾದ ಸಾಮರ್ಥ್ಯ ಪ್ರಕಟವಾದುದು 1948ರ ನವೆಂಬರ್ 23ರಂದು. ಅಂದು ಸಭೆಯ ಮುಂದಿದ್ದುದು ಕರಡಿನ 35ನೇ ವಿಧಿ, ಅರ್ಥಾತ್ ಏಕರೂಪ ನಾಗರಿಕ ಸಂಹಿತೆ. ಮದ್ರಾಸಿನ ಮುಹಮ್ಮದ್ ಇಸ್ಮಾಈಲ್, ಬಿ. ಪೋಕರ್, ಮಹಬೂಬ್ ಅಲಿ ಬೇಗ್ ಅವರೂ ತಿದ್ದುಪಡಿಗಳನ್ನು ತಂದಿದ್ದರು. (ಅಂದಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತಕ್ಕೇ ಸೇರಿತ್ತೆಂಬುದನ್ನು ಕರಾವಳಿಯ ಓದುಗರು ನೆನಪಿಡಬೇಕು.) ನಝೀರುದ್ದೀನ್‌ರ ತಿದ್ದುಪಡಿ ಅವರೆಲ್ಲರಿಗಿಂತ ಭಿನ್ನವಾಗಿತ್ತು. ಅವರು ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಶಾಸನದ ಮೂಲಕ ಖಾತರಿ ಪಡೆದ ಯಾವುದೇ ಸಮುದಾಯದ ವೈಯಕ್ತಿಕ ಕಾನೂನನ್ನು ಬದಲಿಸುವ ಮುನ್ನ ಆ ಸಮುದಾಯದ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯನ್ನು ತಿಳಿಯುವ ವಿಧಾನವನ್ನು ಶಾಸನಸಭೆಯೇ ನಿರ್ಧರಿಸಲಿ ಎಂಬುದಷ್ಟೇ ಅವರ ಬೇಡಿಕೆ.

ಅವರು ವಾದವನ್ನು ಮುಸ್ಲಿಮರ ಅನಾನುಕೂಲತೆಗೆ ಸೀಮಿತಗೊಳಿಸಲಿಲ್ಲ. ಪ್ರತಿಯೊಂದು ಧಾರ್ಮಿಕ ಸಮುದಾಯಕ್ಕೂ ನಂಬಿಕೆಯಿಂದ ಬೇರ್ಪಡಿಸಲಾಗದ ನಾಗರಿಕ ನಿಯಮಗಳಿವೆ, ಧರ್ಮಸ್ವಾತಂತ್ರ್ಯವನ್ನು ನೀಡುವ ವಿಧಿಯ ಜೊತೆಗೆ ಇದು ಹೇಗೆ ಹೊಂದೀತು ಎಂದು ಪ್ರಶ್ನಿಸಿದರು. ಬ್ರಿಟಿಷರು 175 ವರ್ಷಗಳಲ್ಲಿ ಮಾಡಲು ಅಂಜಿದುದನ್ನು, ಅದಕ್ಕೂ ಮೊದಲಿನ ಮುಸ್ಲಿಂ ಅರಸರು ಶತಮಾನಗಳ ಕಾಲ ಕೈಹಾಕದೆ ಬಿಟ್ಟುದನ್ನು ಒಮ್ಮೆಲೇ ಮಾಡುವ ಅಧಿಕಾರವನ್ನು ಸರಕಾರಕ್ಕೆ ಕೊಡಬಾರದು ಎಂದರು. ನಾಗರಿಕ ಕಾನೂನು ಏಕರೂಪವಾಗುವ ಹಂತ ಮುಂದೊಂದು ದಿನ ಬಂದೀತು, ಆದರೆ ಆ ಕಾಲ ಇನ್ನೂ ಬಂದಿಲ್ಲ ಎಂದೂ ಸೇರಿಸಿದರು. ಈ ಕೊನೆಯ ಮಾತು ನಮ್ಮಲ್ಲಿ ಹಲವರಿಗೆ ಇಂದಿಗೂ ರುಚಿಸದಿರಬಹುದು.

ಕೆ. ಎಂ. ಮುನ್ಶಿ ಮತ್ತು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ವಿರೋಧಿಸಿದರು. ಉತ್ತರಿಸಿದ ಡಾ. ಅಂಬೇಡ್ಕರ್, ವಾಯವ್ಯ ಗಡಿ ಪ್ರಾಂತದಲ್ಲಿ 1935ರವರೆಗೆ ಶರೀಅತ್ ಕಾನೂನು ಜಾರಿಯಲ್ಲಿರಲಿಲ್ಲ, ಉತ್ತರ ಮಲಬಾರಿನಲ್ಲಿ ಮರುಮಕ್ಕತ್ತಾಯವು ಮುಸ್ಲಿಮರಿಗೂ ಅನ್ವಯಿಸುತ್ತಿತ್ತು ಎಂದು ನೆನಪಿಸಿದರು. ನೆರೆಯ ಮಲಬಾರಿನ ತಾಯಿವಂಶದ ಪದ್ಧತಿಯನ್ನು ಬಲ್ಲ ನಮಗೆ ಈ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ತಿದ್ದುಪಡಿಗಳು ಬಿದ್ದುಹೋದವು, ವಿಧಿ ಮುಂದೆ 44ನೆಯದಾಯಿತು. ಆದರೆ ಒಂದು ಫಲ ದೊರೆಯಿತು. ಒಪ್ಪಿ ಘೋಷಣೆ ನೀಡುವವರಿಗೆ ಮಾತ್ರ ಅನ್ವಯಿಸುವಂತೆ ಸಂಹಿತೆಯನ್ನು ಆರಂಭಿಸಲು ಮುಂದಿನ ಸಂಸತ್ತಿಗೆ ಸಾಧ್ಯವಿದೆ ಎಂದು ಅಂಬೇಡ್ಕರ್ ಅದೇ ಉತ್ತರದಲ್ಲಿ ಹೇಳಿದರು. ಅಂದು ಯಾರೂ ಎದ್ದು ಪ್ರಶ್ನಿಸದಿದ್ದರೆ ಈ ಮಾತು ದಾಖಲೆಯಲ್ಲಿ ಇರುತ್ತಿರಲಿಲ್ಲ.

ಹಿಂದೂ ಸಂಹಿತೆ ಮಸೂದೆಯ ಚರ್ಚೆಯಲ್ಲೂ ಅವರು ದೀರ್ಘವಾಗಿ ಮಾತನಾಡಿದರು. ಸಭೆಯು ಆಯ್ಕೆ ಸಮಿತಿಗೆ ಒಪ್ಪಿಸಿದ ಮಸೂದೆಯ ಬದಲು ಕಾನೂನು ಇಲಾಖೆ ತಿದ್ದಿ ಬರೆದ ಪ್ರತಿಯನ್ನು ಸಮಿತಿ ಪರಿಶೀಲಿಸಿದೆ ಎಂಬ ಅವರ ಆಕ್ಷೇಪ ಸಭಾನಿಯಮದ ದೃಷ್ಟಿಯಿಂದ ಗಂಭೀರವಾದುದೇ. ಆದರೂ ಅದು ನಿಲ್ಲಲಿಲ್ಲ. ಹಿಂದೂ ಮಹಿಳೆಯರಿಗೆ ಆಸ್ತಿಯಲ್ಲಿ ಹಕ್ಕು ನೀಡುವ ಮಸೂದೆಯನ್ನು ಮುಸ್ಲಿಂ ಸದಸ್ಯರೊಬ್ಬರು ಇಷ್ಟು ಹಟದಿಂದ ತಡೆಯಬೇಕಿತ್ತೇ ಎಂಬ ಪ್ರಶ್ನೆಗೆ ನನ್ನಲ್ಲಿ ಅವರ ಪರವಾದ ಉತ್ತರವಿಲ್ಲ. ಭಾಷೆಯ ಚರ್ಚೆಯಲ್ಲಿ ಇದೇ ಸದಸ್ಯರು ಸಂಸ್ಕೃತದ ಪರ ವಾದಿಸಿದರೆಂಬುದನ್ನು ಕೇಳಿದರೆ ಅವರನ್ನು ಯಾವ ಅಚ್ಚಿನಲ್ಲಿ ಹಾಕುವುದೆಂದು ತೋಚದು.

1949ರ ನವೆಂಬರ್‌ನಲ್ಲಿ ಪರಿಷ್ಕೃತ ಕರಡು ಬಂದಾಗಲೂ ಅವರು ಬಿಡಲಿಲ್ಲ. ನಿರ್ಧಾರಗಳನ್ನು ಮತ್ತೆ ಮತ್ತೆ ಬದಲಿಸುತ್ತಿದ್ದ ಡ್ರಾಫ್ಟಿಂಗ್ ಕಮಿಟಿಗೆ ಅವರು ಇಟ್ಟ ಹೆಸರು ‘ಡ್ರಿಫ್ಟಿಂಗ್ ಕಮಿಟಿ’, ಅಂದರೆ ಗಾಳಿ ಬಂದತ್ತ ತೇಲುವ ಸಮಿತಿ. ಈ ಚುಚ್ಚುಮಾತು ನಾಟಿತ್ತು. ನವೆಂಬರ್ 25ರ ತಮ್ಮ ಪ್ರಸಿದ್ಧ ಸಮಾರೋಪ ಭಾಷಣದಲ್ಲಿ ಅಂಬೇಡ್ಕರ್ ಅವರ ಹೆಸರನ್ನೆತ್ತಿಯೇ ಉತ್ತರಿಸಿದರು: ಹಿಡಿತವಿಲ್ಲದೆ ತೇಲುವುದು ಬೇರೆ, ಹಿಡಿತವಿದ್ದು ತೇಲುವುದು ಬೇರೆ; ತಮ್ಮ ಸಮಿತಿ ಎಂದೂ ಹಿಡಿತ ಕಳೆದುಕೊಂಡಿರಲಿಲ್ಲ. ಮರುದಿನ 395 ವಿಧಿಗಳ ಸಂವಿಧಾನವನ್ನು ಸಭೆ ಅಂಗೀಕರಿಸಿತು.